ನನ್ನ ಕುದುರೆ ಅಭ್ಯಾಸದಲ್ಲಿ 1.20 ಮೀಟರ್ ಚೆನ್ನಾಗಿ ಹಾರುತ್ತೆ, ಜಂಪಿಂಗ್ ಸ್ಪರ್ಧೆಯಲ್ಲಿ ತಡೆಯ ಕೋಲು ಬೀಳಿಸುತ್ತೆ. ತಳಿಯ ದೋಷವಾ? ಬೇರೆ ಕುದುರೆ ತಗೊಳ್ಳಬೇಕಾ?

ಆರು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನು ಊರೆಲ್ಲ ಅಲೆದಿದ್ದೆ. ಅಭ್ಯಾಸದಲ್ಲಿ 1.20 ಮೀಟರ್ ಸಲೀಸು, ಸ್ಪರ್ಧೆಯಲ್ಲಿ ಎರಡು ಮೂರು ಕೋಲು ನೆಲಕ್ಕೆ. ನಾನೂ ತಳಿಯನ್ನೇ ಬೈದೆ. ಮಾರಿಬಿಡೋಣ ಅಂತ ನಾಲ್ಕು ಕಡೆ ವಿಚಾರಿಸಿಯೂ ಆಗಿತ್ತು.

ನನ್ನದು ಕಂದು ಬಣ್ಣದ ಹೆಣ್ಣು ಕುದುರೆ, ಆಗ ಅವಳಿಗೆ ಒಂಬತ್ತು ವರ್ಷ. ಮುಂಗಾಲು ಮಡಚುವುದನ್ನು ನೀವು ನೋಡಬೇಕಿತ್ತು, ಅಷ್ಟು ಚೆಂದ. ರೌಂಡ್‌ನಲ್ಲಿ, ಅಂದರೆ ಸ್ಪರ್ಧೆಯ ಒಂದು ಸುತ್ತಿನಲ್ಲಿ, ಮೊದಲ ಐದಾರು ಜಂಪ್ ಹಾಗೇ ಹಾರುತ್ತಿದ್ದಳು. ಆಮೇಲೆ ಹಿಂದಿನಿಂದ ಕೋಲು ಬಿದ್ದ ಸದ್ದು. ಒಂದು ಕೋಲಿಗೆ 4 ಫಾಲ್ಟ್, ಅಂದರೆ ದಂಡದ ಅಂಕ. 8, 12 ಫಾಲ್ಟ್ ಹೊತ್ತು ಹೊರಗೆ ಬರುವುದೇ ರೂಢಿಯಾಯಿತು. ಕಡಿವಾಣ ಬದಲಿಸಿದೆ, ಮೇವು ಬದಲಿಸಿದೆ. ಏನೂ ಆಗಲಿಲ್ಲ.

ತಪ್ಪು ಇದ್ದದ್ದು ಸ್ಪರ್ಧೆಗೆ ಇಳಿಯುವ ಮುಂಚೆ ಮೈ ಬಿಸಿ ಮಾಡುವ ವಾರ್ಮ್-ಅಪ್ ಮೈದಾನದಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ ಒಬ್ಬನ ಮಾತನ್ನು ನಾನು ಕೇಳಲಿಲ್ಲ.

ಒಳಗೆ ಹೋಗುವ ಮುಂಚೆ ನನಗೆ ಭಯ. ಇವತ್ತು ಇವಳು ಹಾರುತ್ತಾಳೆ ಅನ್ನುವುದು ಕಣ್ಣಾರೆ ಕಾಣಬೇಕಿತ್ತು. ಒಂದು ಜಂಪ್ ಚೆನ್ನಾಗಿ ಬಂದರೆ ಖುಷಿಗೆ ಇನ್ನೊಂದು. ಕೆಟ್ಟದಾಗಿ ಬಂದರೆ ಸರಿ ಮಾಡಲು ಮತ್ತೆರಡು. ಆಮೇಲೆ ಎತ್ತರ ಏರಿಸುವುದು, 1.25, 1.30. ಒಳಗೆ 1.20 ಸುಲಭ ಅನ್ನಿಸಲಿ ಅಂತ. ಕೋಲು ಏರಿಸಿ ಕೊಡುತ್ತಿದ್ದ ಲಾಯದ ಹುಡುಗ ಒಂದು ದಿನ ತಡೆಯಲಾರದೆ, "ಅಕ್ಕಾ, ಇದು ಮೂವತ್ತನಾಲ್ಕನೇದು. ಒಳಗೆ ಹಾರಬೇಕಾದ್ದು ಹನ್ನೆರಡೇ ಅಲ್ವಾ?" ಅಂದ. ನೀನು ಸುಮ್ನೆ ಕೋಲು ಏರಿಸು ಅಂದುಬಿಟ್ಟೆ.

ಮೂವತ್ತನಾಲ್ಕು ಅಂದರೆ ಏನು ನೋಡಿ. ಮೇಲಕ್ಕೆ ಏಳುವ ಬಲ ಹೆಚ್ಚಾಗಿ ಹಿಂಗಾಲು ಮತ್ತು ಸೊಂಟದ್ದು. ಅದು ದಣಿದರೆ ಕುದುರೆ ಹಾರುವುದನ್ನು ನಿಲ್ಲಿಸುವುದಿಲ್ಲ, ಚಪ್ಪಟೆಯಾಗಿ ಹಾರುತ್ತದೆ. ಮುಂಗಾಲು ದಾಟುತ್ತದೆ, ಹಿಂಗಾಲು ಕೋಲಿಗೆ ತಾಗುತ್ತದೆ. ಇನ್ನು ಇಳಿಯುವಾಗ ಅಷ್ಟೂ ಭಾರ ಮುಂಗಾಲಿನ ಮೇಲೆ. ಮೊದಲು ನೆಲ ಮುಟ್ಟುವ ಕಾಲಿಗೆ ಪೆಟ್ಟು ಜಾಸ್ತಿ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಪಟ್ಟಿ) ಆ ಹೊತ್ತಿಗೆ ಹಗ್ಗದ ಹಾಗೆ ಜಗ್ಗುತ್ತದೆ. ನಾನು ಲೆಕ್ಕ ಹಾಕುತ್ತಿದ್ದದ್ದು ರೌಂಡ್‌ನ ಹನ್ನೆರಡನ್ನು ಮಾತ್ರ. ಅವಳ ಕಾಲು ನಲವತ್ತಾರು ಸಲ ಇಳಿಯುತ್ತಿತ್ತು. ವಾರ್ಮ್-ಅಪ್ ಜಂಪ್‌ಗಳು ಫಲಿತಾಂಶದ ಹಾಳೆಯಲ್ಲಿ ಇರುವುದಿಲ್ಲ. ಹಾಗಾಗಿ ಅವು ಜಂಪೇ ಅಲ್ಲ ಅನ್ನುವಂತೆ ನಡೆದುಕೊಂಡೆ.

ಆ ಋತುವಿನ ಕೊನೆಯ ಸ್ಪರ್ಧೆ ಮುಗಿದ ಸಂಜೆ ಬ್ಯಾಂಡೇಜ್ ಕಟ್ಟುವಾಗ ಎಡ ಮುಂಗಾಲು ಬಿಸಿಯಿತ್ತು. ಸ್ಕ್ಯಾನ್‌ನಲ್ಲಿ ಟೆಂಡನ್ ಎಳೆಗಳು ಹರಿದದ್ದು ಕಾಣಿಸಿತು. ಒಂಬತ್ತು ತಿಂಗಳು ಜಂಪ್ ಇಲ್ಲ. ಮೊದಲ ತಿಂಗಳುಗಳಲ್ಲಿ ಹಗ್ಗ ಹಿಡಿದು ನಡೆಸುವುದಷ್ಟೇ. ದಿನಾ ಅವಳ ಪಕ್ಕದಲ್ಲಿ ನಡೆಯುತ್ತಾ ಆ ಹುಡುಗನ ಮಾತು ನೆನೆದು ಹೊಟ್ಟೆ ಉರಿಯುತ್ತಿತ್ತು. ಆಗಲೇ ಹಳೆಯ ವಿಡಿಯೋ ಎಲ್ಲ ಕೂತು ನೋಡಿದ್ದು. ಬಿದ್ದ ಕೋಲುಗಳಲ್ಲಿ ಒಂದೆರಡು ಬಿಟ್ಟು ಉಳಿದೆಲ್ಲ ರೌಂಡ್‌ನ ಎರಡನೇ ಅರ್ಧದವು, ಬೀಳಿಸಿದ್ದು ಹಿಂಗಾಲು.

ಈಗ ನಾನು ಮಾಡುವುದು ಇಷ್ಟು. ಹದಿನೈದು ನಿಮಿಷ ನಡಿಗೆ. ಆಮೇಲೆ ಟ್ರಾಟ್ (ಲಘು ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ಓಟ), ಮೈ ಸಡಿಲವಾಗುವವರೆಗೆ. ನಂತರ ಆರು, ಹೆಚ್ಚೆಂದರೆ ಏಳು ಜಂಪ್: ಒಂದು ಸಣ್ಣ ಕ್ರಾಸ್ (ಕತ್ತರಿಯಾಗಿಟ್ಟ ಕೋಲು), ಎರಡು ಮೂರು ವರ್ಟಿಕಲ್ (ಒಂದೇ ಸಾಲಿನ ನೆಟ್ಟನೆ ತಡೆ), ಎರಡು ಆಕ್ಸರ್ (ಎರಡು ಸಾಲಿನ ಅಗಲ ತಡೆ), ಕೊನೆಗೆ ಮತ್ತೊಂದು ವರ್ಟಿಕಲ್. ಸ್ಪರ್ಧೆಯ ಎತ್ತರ ದಾಟುವುದಿಲ್ಲ. ಲೆಕ್ಕ ಇಡುವುದು ಅದೇ ಹುಡುಗ. ಅವನು ಸಾಕು ಅಂದರೆ ಸಾಕು. ವಾಪಸ್ ಬಂದ ಮೊದಲ ಸ್ಪರ್ಧೆಯಲ್ಲಿ ಬಿದ್ದದ್ದು ಒಂದೇ ಕೋಲು, ಅದೂ ತಿರುವಿನಲ್ಲಿ ನಾನು ಅವಸರ ಮಾಡಿದ್ದಕ್ಕೆ.

ತಳಿಯ ವಿಷಯ. 1.60 ಮೀಟರ್ ಹಾರುವವರು ಆ ಪ್ರಶ್ನೆ ಕೇಳಲಿ. 1.20ಕ್ಕೆ ತಳಿಯನ್ನು ದೂರುವುದು ಅನ್ಯಾಯ. ಸ್ನೋಮ್ಯಾನ್ ನೇಗಿಲು ಎಳೆದ ಕುದುರೆ. 1956ರಲ್ಲಿ ಕಸಾಯಿಖಾನೆಗೆ ಹೊರಟಿದ್ದ ಅದನ್ನು ಸವಾರಿ ಕಲಿಸುತ್ತಿದ್ದ ಹ್ಯಾರಿ ಡಿ ಲೆಯರ್ 80 ಡಾಲರ್‌ಗೆ ಕೊಂಡರು. ಎರಡೇ ವರ್ಷದಲ್ಲಿ ಅದು ಜಂಪಿಂಗ್‌ನಲ್ಲಿ ಅಮೆರಿಕದ ಚಾಂಪಿಯನ್. ಸ್ಟ್ರೋಲರ್ ಅಂತೂ ಒಂದು ಪೋನಿ, ಅಂದರೆ ಗಿಡ್ಡ ಕುದುರೆ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ತನ್ನ ಬ್ರಿಟಿಷ್ ಸವಾರೆ ಮೇರಿಯನ್ ಕೋಕ್ಸ್‌ಗೆ ಬೆಳ್ಳಿ ತಂದಿತು. ನಿಮ್ಮ ಕುದುರೆ ಅಭ್ಯಾಸದಲ್ಲಿ 1.20 ಹಾರುತ್ತದೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಶಕ್ತಿ ಇದೆ. ಅದು ಎಲ್ಲಿ ಖರ್ಚಾಗುತ್ತಿದೆ ಅನ್ನುವುದನ್ನು ಹುಡುಕಿ.

ಒಂದು ಮಾತು ಮಾತ್ರ ಇದೆಲ್ಲಕ್ಕಿಂತ ಮೊದಲು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತದಾ? ಬೆನ್ನು ಒತ್ತಿದರೆ ತಗ್ಗಿಸುತ್ತದಾ? ಹಾಗಿದ್ದರೆ ನನ್ನ ಕಥೆ ಬದಿಗಿಟ್ಟು ಮೊದಲು ಪಶುವೈದ್ಯರನ್ನು ಕರೆಸಿ, ಜೀನು ಸರಿಯಾಗಿ ಕೂರುತ್ತಿದೆಯಾ ನೋಡಿಸಿ. ಬೆನ್ನುನೋವಿದ್ದರೂ ಹಿಂಗಾಲಿನಿಂದ ಕೋಲು ಬೀಳಬಹುದು.

ಮುಂದಿನ ಸ್ಪರ್ಧೆಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ವಾರ್ಮ್-ಅಪ್ ಜಂಪ್ ಅವರೇ ಎಣಿಸಲಿ, ರೌಂಡ್ ಅನ್ನು ಬದಿಯಿಂದ ವಿಡಿಯೋ ಮಾಡಲಿ. ಕೋಲು ಮುಂಗಾಲು ತಾಗಿ ಬೀಳುತ್ತಿದ್ದರೆ ಬಹುಶಃ ನೀವು ತಡೆಗೆ ತೀರಾ ಹತ್ತಿರ ತಂದು ಹಾರಿಸುತ್ತಿದ್ದೀರಿ, ಇಲ್ಲವೇ ಕುದುರೆ ಮೇಲೇಳುವ ಮೊದಲೇ ಮುಂದಕ್ಕೆ ಬಾಗುತ್ತಿದ್ದೀರಿ. ಅದಕ್ಕೆ ಮದ್ದು ಬೇರೆ. ಯಾವ ಕಾಲು, ಎಷ್ಟನೇ ಜಂಪ್ ಅಂತ ಬರೆದು ತಿಳಿಸಿ. ಅಲ್ಲಿಯವರೆಗೆ ದಯವಿಟ್ಟು ಮಾರಬೇಡಿ.