ಲಾರಿ ಬಂತು, ಗೋಡೌನಿನಲ್ಲಿ ಇಬ್ಬರೇ ಇದ್ದೇವೆ!

ಪ್ರಶ್ನೆ: ಅಕ್ಕಾ, ನಾನು ಸಾಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಗೋಡೌನ್ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ವಾರಕ್ಕೆ ಎರಡು ಲೋಡ್ ಬರುತ್ತದೆ. ಅಕ್ಕಿ, ಎಣ್ಣೆ, ಸೋಪು, ಬಿಸ್ಕೆಟ್ ಎಲ್ಲವೂ ಒಂದೇ ಲಾರಿಯಲ್ಲಿ. ಇಳಿಸಿದ ಮೇಲೆ ಕಾಲಿಡಲೂ ಜಾಗ ಇರುವುದಿಲ್ಲ. ಸಹಾಯಕ್ಕೆ ಕೌಂಟರಿನವರನ್ನು ಕರೆದರೆ ಬಿಲ್ಲಿಂಗ್ ನಿಲ್ಲುತ್ತದೆ, ಓನರ್ ಬೈಯುತ್ತಾರೆ. ಇನ್ನೊಬ್ಬ ಹುಡುಗನನ್ನು ಕೊಡಿ ಅಂದರೆ ನೋಡೋಣ ಅನ್ನುತ್ತಾರೆ. ದೀಪಾವಳಿ ಹೊತ್ತಿಗೆ ಏನು ಗತಿ?
— ಓದುಗರು, ಸಾಗರ

ಉತ್ತರ: ಇನ್ನೊಬ್ಬನನ್ನು ಕೊಟ್ಟರೂ ನಿಮ್ಮ ಕಷ್ಟ ತೀರುವುದಿಲ್ಲ ತಮ್ಮ. ಇರೋ ಜಾಗದಲ್ಲಿ ಅವನೂ ಬಂದು ನಿಲ್ಲುತ್ತಾನೆ, ಅಷ್ಟೇ. ಇಳಿಸುವ ಕೆಲಸ ಬೇರೆ, ಜೋಡಿಸುವ ಕೆಲಸ ಬೇರೆ. ನೀವು ಎರಡನ್ನೂ ಅದೇ ಇಬ್ಬರ ಕೈಲಿ ಮಾಡಿಸುತ್ತಿದ್ದೀರಿ. ಬೆನ್ನು ಬಗ್ಗಿಸಿ ಲಾರಿ ಖಾಲಿ ಮಾಡಿದ ಹುಡುಗ ಆಮೇಲೆ ಯಾವ ಬಾಕ್ಸ್ ಎಲ್ಲಿಡಬೇಕು ಅಂತ ಯೋಚಿಸುವುದಿಲ್ಲ. ಸುಮ್ನೆ ಸಿಕ್ಕ ಕಡೆ ಒಟ್ಟುತ್ತಾನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಓನರ್ ಹತ್ತಿರ ಸಂಬಳದ ಹುಡುಗನನ್ನು ಕೇಳಬೇಡಿ, ಲೋಡ್ ಬರುವ ದಿನ ಹಮಾಲಿ ಖರ್ಚು ಕೇಳಿ. ತಿಂಗಳ ಸಂಬಳ ಅಂದರೆ ಮುಖ ಸಿಂಡರಿಸುವವರು ಚೀಲಕ್ಕೆ ಇಷ್ಟು ಅಂದರೆ ಬೇಗ ಒಪ್ಪುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಸ್ಟಾಕ್ ನೋಡಿಕೊಂಡವಳು ನಾನು. ಅಲ್ಲಿ ಲಾರಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಹಿಂದೆ ಹಾರನ್ ಶುರು. ಹಮಾಲರು ಇಳಿಸಿ ಹೋಗುತ್ತಿದ್ದರು, ನಮ್ಮ ಹುಡುಗರು ಚೀಲ ಮುಟ್ಟುತ್ತಲೇ ಇರಲಿಲ್ಲ. ಒಬ್ಬ ಲಾರಿಯ ಹಿಂದೆ ಬಿಲ್ ಹಿಡಿದು ನಿಂತು ಕೂಗುತ್ತಿದ್ದ. ಇನ್ನೊಬ್ಬ ಒಳಗೆ ನಿಂತು ಜಾಗ ತೋರಿಸುತ್ತಿದ್ದ. ಲಾರಿ ಬರುವ ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದಿರುತ್ತಿದ್ದೆವು: ಇದು ಸೋಪಿಗೆ, ಇದು ಬಿಸ್ಕೆಟ್‌ಗೆ, ಈ ನಡುವಿನ ದಾರಿಯಲ್ಲಿ ಏನೂ ಇಡುವ ಹಾಗಿಲ್ಲ. ಆ ದಾರಿಯೊಂದನ್ನು ಉಳಿಸಿಕೊಂಡರೆ ಅರ್ಧ ಗೆದ್ದಂತೆ.

ಇನ್ನು ಅಕ್ಕಿ. ಗೋಡೌನ್ ತುಂಬುವುದೇ ಅದರಿಂದ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಪ್ಯಾಕಿಗೆ ಶೇ. 5 ಜಿಎಸ್‌ಟಿ ಬಂತಲ್ಲ, ಮಿಲ್ಲಿನವರು 26 ಕೆಜಿ ಚೀಲ ಶುರು ಮಾಡಿದರು. ತೆರಿಗೆ ತಪ್ಪಿತು, ಆ ಒಂದು ಕೆಜಿ ಹೊರುವವನ ಹೆಗಲಿಗೆ ಬಂತು! ಈ ಚೀಲವನ್ನು ನೀವು ಲಾರಿಯಿಂದ ಗೋಡೌನಿಗೆ, ಗೋಡೌನಿನಿಂದ ಅಂಗಡಿಗೆ, ಅಲ್ಲಿ ಜಾಗ ಸಾಲದೆ ಮತ್ತೆ ಒಳಗೆ ಅಂತ ಸಾಗಿಸುತ್ತಿರುತ್ತೀರಿ. ಅಲ್ವಾ? ಭಾರದ ಮಾಲು ಗೋಡೌನಿಗೆ ಬರಲೇಬಾರದು. ಅಕ್ಕಿ, ಎಣ್ಣೆ ಟಿನ್, ನೀರಿನ ಬಾಟಲಿ ಕೇಸು, ಡಿಟರ್ಜೆಂಟಿನ ದೊಡ್ಡ ಪ್ಯಾಕು ಇವೆಲ್ಲ ಲಾರಿಯಿಂದ ನೇರವಾಗಿ ಅಂಗಡಿಯ ಸಾಲಿನ ತುದಿಗೆ ಹೋಗಲಿ. ಅಲ್ಲೇ ಎದೆಮಟ್ಟ ಪೇರಿಸಿ, ರೇಟಿನ ಬೋರ್ಡ್ ಹಾಕಿ. ಗಿರಾಕಿಗೆ ಕಣ್ಣಿಗೆ ಬಿದ್ದ ಮಾಲು ಬೇಗ ಖಾಲಿಯಾಗುತ್ತದೆ. ಗೋಡೌನ್ ಇರುವುದು ಬಿಡಿ ಬಾಕ್ಸ್‌ಗಳಿಗೆ.

ಹೊತ್ತಿನ ವಿಷಯ. ಸಂಜೆ ಐದರ ಮೇಲೆ ಲಾರಿ ಬಂದರೆ ಅದು ಲೋಡ್ ಅಲ್ಲ, ರಂಪ. ಊಟದ ನಂತರ ಗಿರಾಕಿ ಕಡಿಮೆ ಇರುವಾಗ ಕಳಿಸಿ ಅಂತ ಡಿಸ್ಟ್ರಿಬ್ಯೂಟರಿಗೆ ಖಂಡಿತವಾಗಿ ಹೇಳಿ. ಎರಡು ಸಲ ಗಲಾಟೆ ಮಾಡಿದರೆ ಮೂರನೇ ಸಲ ಕೇಳುತ್ತಾರೆ.

ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ. ಉಪ್ಪಿನ ಚೀಲ ಗೋಡೆಗೆ ಆನಿಸಿಟ್ಟರೆ ಬುಡದಲ್ಲಿ ನೀರು ಜಿನುಗುತ್ತದೆ, ಸಕ್ಕರೆ ಹೆಪ್ಪುಗಟ್ಟುತ್ತದೆ. ಪ್ಯಾಲೆಟ್‌ಗೆ, ಅಂದರೆ ಚೀಲದ ಕೆಳಗಿಡುವ ಹಲಗೆ ಮಣೆಗೆ, ದುಡ್ಡಿಲ್ಲ ಅಂದರೆ ಅಡಿಕೆ ಮರ ಸೀಳಿದ ಒಣ ದಬ್ಬೆ ಅಡ್ಡಡ್ಡ ಹಾಸಿ, ಗೋಡೆಯಿಂದ ಒಂದು ಮೊಳ ಬಿಡಿ. ಇಲಿ ಬಂದರೂ ಕಾಣುತ್ತದೆ. ಬಾಕ್ಸ್ ಮೇಲೆ ಕೊಡೆ ಚಿತ್ರ ಇದ್ದರೆ ಒದ್ದೆಯಾಗಬಾರದು ಅಂತ, ಗಾಜಿನ ಲೋಟ ಇದ್ದರೆ ಒಡೆಯುವ ಮಾಲು. ಒಂದರ ಮೇಲೊಂದು ಎಷ್ಟು ಪೇರಿಸಬಹುದು ಅಂತ ಸಂಖ್ಯೆಯನ್ನೂ ಎಷ್ಟೋ ಕಂಪನಿಯವರು ಅಚ್ಚು ಹಾಕಿರುತ್ತಾರೆ. ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ತೋರಿಸಿ. ಚಹಾಪುಡಿಯ ಪಕ್ಕ ಸೋಪು, ಅಗರಬತ್ತಿ ಇಟ್ಟರೆ ಚಹಾಪುಡಿಗೂ ಅದೇ ವಾಸನೆ. ಆಮೇಲೆ ಪ್ಯಾಕೆಟ್ ವಾಪಸ್ ತಂದವರಿಗೆ ಉತ್ತರ ಹೇಳುವವರು ನೀವೇ.

ದೀಪಾವಳಿ ಬಗ್ಗೆ ನೀವು ಹೆದರುವುದು ಸರಿಯೇ, ಆದರೆ ಜನ ಕಡಿಮೆಯಾಗುವುದು ಹಬ್ಬದ ಗಿರಾಕಿಯಿಂದಲ್ಲ, ಅಡಿಕೆಯಿಂದ. ಅಡಿಕೆ ಗೊನೆ ಕೊಯ್ಲು ಶುರುವಾದರೆ ತೋಟದ ಕೂಲಿಯ ಮುಂದೆ ನಿಮ್ಮ ಅಂಗಡಿ ಸಂಬಳ ಏನೂ ಅಲ್ಲ. ಹುಡುಗರು ಊರಲ್ಲಿ ಕೆಲಸ ಇದೆ ಅಂತ ಹೋಗಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನವರಾತ್ರಿಗೆ ಮೊದಲೇ ಕೂರಿಸಿ ಕೇಳಿ, ಯಾರು ಯಾವಾಗ ಹೋಗುತ್ತೀರಿ ಅಂತ. ಆ ದಿನಗಳಿಗೆ ಕಾಲೇಜು ಹುಡುಗರನ್ನು ಸಂಜೆ ಜೋಡಿಸುವ ಕೆಲಸಕ್ಕೆ ಕರೆಯಿರಿ. ಉಳಿದವರ ಕೈಲಿ ಹೆಚ್ಚು ಹೊತ್ತು ಮಾಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು. ಇದು ಉಪಕಾರ ಅಲ್ಲ, 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ಓನರಿಗೆ ಮೆಲ್ಲಗೆ ಹೇಳಿ ನೋಡಿ. ಮೂರು ವರ್ಷಕ್ಕೊಮ್ಮೆ ನಿಮ್ಮೂರಿನ ಮಾರಿಕಾಂಬಾ ಜಾತ್ರೆಯೂ ಇರುತ್ತದೆ. ಆ ವರ್ಷ ಜನವರಿಯಲ್ಲೇ ಹಮಾಲರಿಗೆ ಮಾತು ಕೊಟ್ಟಿಡಿ.

ಪ್ರಶ್ನೆ: ಘಾಟಿ ಹತ್ತಿ ಬರುವ ಲಾರಿಯಲ್ಲಿ ಎಷ್ಟೋ ಸಲ ಬಾಕ್ಸ್ ಒದ್ದೆಯಾಗಿರುತ್ತದೆ. ಡ್ರೈವರ್ ಮಾತ್ರ ಬೇಗ ಸಹಿ ಹಾಕಿ ಅಂತ ಅವಸರ ಮಾಡುತ್ತಾನೆ. ಏನು ಮಾಡಲಿ?
— ಓದುಗರು, ಹೊಸನಗರ

ಉತ್ತರ: ಅವನಿಗೆ ಒಂದು ಚಹಾ ಕೊಡಿಸಿ, ನೀವು ಎಣಿಸಿ. ಒದ್ದೆ ಬಾಕ್ಸ್ ಲಾರಿಯಲ್ಲಿರುವಾಗಲೇ ಫೋಟೋ ತೆಗೆಯಿರಿ. ಎಲ್‌ಆರ್ (ಮಾಲು ಬುಕ್ ಮಾಡಿದಾಗ ಟ್ರಾನ್ಸ್‌ಪೋರ್ಟಿನವರು ಕೊಡುವ ಲಾರಿ ರಸೀದಿ) ಕಾಪಿ ಮೇಲೆ ಎಷ್ಟು ಬಾಕ್ಸ್ ಒದ್ದೆ, ಎಷ್ಟು ಕಡಿಮೆ ಅಂತ ಬರೆದು ಅದರ ಕೆಳಗೆ ಸಹಿ ಹಾಕಿ, ಡ್ರೈವರ್ ಸಹಿಯನ್ನೂ ಪಡೆಯಿರಿ. ಬರೀ ಸಹಿ ಹಾಕಿ ಕಳಿಸಿದರೆ ಮಾಲು ಸರಿಯಾಗಿ ತಲುಪಿತು ಅಂತಲೇ ಲೆಕ್ಕ. ಟ್ರಾನ್ಸ್‌ಪೋರ್ಟಿನವರು ಒಪ್ಪದಿದ್ದರೆ, 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಅದಿಲ್ಲದೆ ಕೋರ್ಟಿಗೆ ಹೋಗಲು ಬರುವುದಿಲ್ಲ. ಮಾಲು ತಲುಪಿದ ದಿನದಿಂದ ಅಲ್ಲ, ಬುಕ್ ಆದ ದಿನದಿಂದ. ಎಲ್‌ಆರ್ ಮೇಲೆ ಆ ತಾರೀಕು ಇರುತ್ತದೆ.