ರೆಡ್‌ವುಡ್ ಮರ ಫ್ರೇಮಿನೊಳಗೆ ಹಿಡಿಯುತ್ತಿಲ್ಲ, ಏನು ಮಾಡೋಣ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಗೆಳೆಯರು. ನಟರೂ ಸೇರಿ ಎಂಟು ಜನ ಒಂದು ಕನ್ನಡ ಕಿರುಚಿತ್ರ ಮಾಡುತ್ತಿದ್ದೇವೆ. ಹಾಸನದಿಂದ ಬಂದ ಅಜ್ಜ ಮೊಮ್ಮಗಳ ಜೊತೆ ರೆಡ್‌ವುಡ್ ಕಾಡಿನಲ್ಲಿ ನಡೆಯುವ ದೃಶ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಮ್ಯೂರ್ ವುಡ್ಸ್ ಎಂಬ ರೆಡ್‌ವುಡ್ ಕಾಡಿಗೆ ಹೋಗಿ ಫೋನಿನಲ್ಲಿ ಟ್ರಯಲ್ ಮಾಡಿದೆವು. ಮರ ಪೂರ್ತಿ ಬರಲಿಲ್ಲ. ಮುಖ ಕಪ್ಪು, ಹಿಂದೆಲ್ಲ ಬಿಳಿ ಮಚ್ಚೆ. ಲೈಟ್ ಒಯ್ಯಬೇಕಾ? ಪರ್ಮಿಷನ್ ಬೇಕಾ?

ಉತ್ತರ: ಪೂರ್ತಿ ಮರ ತೋರಿಸುವ ಆಸೆ ಮೊದಲು ಬಿಡಿ. ಅಲ್ಲಿನ ಅತಿ ಎತ್ತರದ ಮರ ಸುಮಾರು 258 ಅಡಿ. ಅಷ್ಟು ಹಿಂದೆ ಸರಿಯಲು ಜಾಗವಿಲ್ಲ, ಸರಿದರೂ ಬೇರೆ ಮರ ಅಡ್ಡ ಬರುತ್ತದೆ. ದಾರಿಯ ಅಂಚಿಗೇ ಇರುವ ಒಂದು ಮರ ಹುಡುಕಿ. ಫ್ರೇಮಿನ ಕೆಳಮೂಲೆಯಲ್ಲಿ ಅಜ್ಜ, ಉಳಿದದ್ದೆಲ್ಲ ತೊಗಟೆ. ಕಾಂಡ ಫ್ರೇಮ್ ದಾಟಿ ಮೇಲೆ ಹೋಗಲಿ. ಆಮೇಲೆ ಅಜ್ಜನ ಕತ್ತು ನಿಧಾನಕ್ಕೆ ಮೇಲಕ್ಕೆ ಹೋಗುವುದನ್ನು ಹತ್ತಿರದಿಂದ ತೆಗೆಯಿರಿ. ಎತ್ತರ ನೋಡುವವರ ಮನಸ್ಸಿನಲ್ಲೇ ಬೆಳೆಯುತ್ತದೆ.

ಮುಖ ಕಪ್ಪಾಗಿದ್ದಕ್ಕೆ ಕಾರಣ ನಿಮ್ಮ ಫೋನಲ್ಲ, ನೀವು ಹೋದ ಹೊತ್ತು. ನಡುಮಧ್ಯಾಹ್ನ ಹೋಗಿದ್ದಿರಿ, ಅಲ್ವಾ? ಎಲೆಗಳ ಸಂದಿಯಿಂದ ಬಿಸಿಲು ತುಂಡು ತುಂಡಾಗಿ ಬೀಳುತ್ತದೆ. ನೆರಳಿಗೂ ಬಿಸಿಲಿಗೂ ಇರುವ ವ್ಯತ್ಯಾಸವನ್ನು ಯಾವ ಕ್ಯಾಮೆರಾವೂ ಸುಲಭವಾಗಿ ತಡೆಯುವುದಿಲ್ಲ. ನಾನೂ ಒಮ್ಮೆ ಇಂಥದ್ದೇ ಕಾಡಿನಲ್ಲಿ ಮಧ್ಯಾಹ್ನ ಶೂಟ್ ಮಾಡಿ ಇಡೀ ದಿನದ ಕೆಲಸ ಕಳೆದುಕೊಂಡಿದ್ದೇನೆ. ಬೇಸಿಗೆಯ ಬೆಳಗ್ಗೆ ಸಮುದ್ರದಿಂದ ಮಂಜು ಬರುತ್ತದೆ. ರೆಡ್‌ವುಡ್‌ಗಳು ಮಳೆಯಿಲ್ಲದ ತಿಂಗಳುಗಳಲ್ಲಿ ಈ ಮಂಜಿನ ನೀರನ್ನೂ ನೆಚ್ಚಿಕೊಂಡು ಬದುಕುತ್ತವೆ. ನಿಮಗೂ ಅದೇ ವರ. ಮಂಜಿದ್ದರೆ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುತ್ತದೆ, ಲೈಟ್ ಬೇಕಾಗುವುದೇ ಇಲ್ಲ. ಮುಖಕ್ಕೆ ಸ್ವಲ್ಪ ಜಾಸ್ತಿ ಬೆಳಕು ಬೇಕೆಂದರೆ ಬೆಳಕು ತಿರುಗಿಸಲು ಥರ್ಮಾಕೋಲ್ ಒಯ್ಯಬೇಡಿ, ಅದರ ಪುಡಿ ಕಾಡಿನಲ್ಲಿ ಉಳಿಯುತ್ತದೆ. ಇಬ್ಬರು ಒಂದು ಬಿಳಿ ಪಂಚೆ ಹಿಡಿದರೆ ಸಾಕು. ಅಲ್ಲಿ ಸುತ್ತಲಿನ ಹಸಿರು ಮುಖದ ಮೇಲೆ ಬೀಳುತ್ತದೆ. ಹಾಗಾಗಿ ವೈಟ್ ಬ್ಯಾಲೆನ್ಸನ್ನು (ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋಗೆ ಬಿಡದೆ ಲಾಕ್ ಮಾಡಿ.

ಒಂದು ಸಲಹೆ, ಕೇಳದೆ ಕೊಡುತ್ತಿದ್ದೇನೆ. ಅಲ್ಲಿ 1930ರಲ್ಲಿ ಬಿದ್ದ ಒಂದು ಮರದ ಅಡ್ಡಸೀಳು ಇಟ್ಟಿದ್ದಾರೆ. ಆ ಮರ ಹುಟ್ಟಿದ್ದು 909ರಲ್ಲಿ ಎಂದು ಉಂಗುರಗಳ ಮೇಲೆ ಗುರುತಿದೆ. ಪಂಪ ಆದಿಪುರಾಣ ಬರೆದದ್ದು 941ರಲ್ಲಿ. ಅಂದರೆ ಆಗ ಆ ಮರಕ್ಕೆ 32 ವರ್ಷ! ನಿಮ್ಮ ಅಜ್ಜ ಕನ್ನಡ ಮೇಷ್ಟ್ರಾಗಿದ್ದರೆ ಮೊಮ್ಮಗಳ ಬೆರಳನ್ನು ಆ ವರ್ಷದ ಉಂಗುರದ ಮೇಲೆ ಇಡಿಸಲಿ. ದೃಶ್ಯದಲ್ಲಿ ಬಳಸಲು ಇಷ್ಟು ಚೆನ್ನಾದ ಪ್ರಾಪರ್ಟಿ ಸುಮ್ನೆ ಸಿಗುವುದಿಲ್ಲ.

ಪರ್ಮಿಷನ್ ವಿಚಾರ. ಮ್ಯೂರ್ ವುಡ್ಸ್ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಕೈಯಲ್ಲಿದೆ. 2025ರ ಜನವರಿಯಲ್ಲಿ ಬಂದ ಕಾನೂನಿನ ನಂತರ, ಕೈಯಲ್ಲೇ ಹೊತ್ತೊಯ್ಯುವ ಸಲಕರಣೆಯ ಎಂಟು ಜನರವರೆಗಿನ ತಂಡಕ್ಕೆ ಸಾಮಾನ್ಯವಾಗಿ ಪರ್ಮಿಟ್ ಬೇಕಿಲ್ಲ. ಬೇರೆ ಪ್ರವಾಸಿಗರಿಗೆ ಅಡ್ಡಿಯಾಗಬಾರದು ಎಂಬಂಥ ಕೆಲವು ಷರತ್ತುಗಳಿವೆ. ಆದರೂ ಪಾರ್ಕ್ ಆಫೀಸಿಗೆ ಮೊದಲೇ ಒಂದು ಮೇಲ್ ಹಾಕಿ. ಡ್ರೋನ್ ಮಾತ್ರ ಬೇಡವೇ ಬೇಡ, ನಿಷೇಧವಿದೆ. ನಿಮ್ಮ ಊರಿಗೆ ಹತ್ತಿರದ ಇನ್ನೊಂದು ರೆಡ್‌ವುಡ್ ಕಾಡು ಬಿಗ್ ಬೇಸಿನ್‌ಗೆ ಹೋಗುವುದಾದರೆ ಲೆಕ್ಕ ಬೇರೆ. ಅದು ರಾಜ್ಯದ ಪಾರ್ಕ್. ಅಲ್ಲಿ ಪರ್ಮಿಟ್ ಕೊಡುವುದು ಕ್ಯಾಲಿಫೋರ್ನಿಯಾ ಫಿಲ್ಮ್ ಕಮಿಷನ್, ವಿಮೆಯನ್ನೂ ಕೇಳುತ್ತಾರೆ.

ಒಳ್ಳೆಯ ಆ್ಯಂಗಲ್ ಸಿಕ್ಕಿತೆಂದು ಹಲಗೆಯ ದಾರಿಯಿಂದ ಕೆಳಗಿಳಿಯಬೇಡಿ, ದಯವಿಟ್ಟು. ಇಷ್ಟೆತ್ತರದ ಮರಕ್ಕೆ ತಾಯಿಬೇರು ಇಲ್ಲ. ಬೇರುಗಳೆಲ್ಲ ಮಣ್ಣಿನ ಮೇಲ್ಪದರದಲ್ಲೇ ದೂರ ದೂರ ಹರಡಿರುತ್ತವೆ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಅವಕ್ಕೆ ನೀರು, ಗಾಳಿ ಸಿಗುವುದಿಲ್ಲ.

ಪಾರ್ಕಿಂಗ್ ಮುಂಗಡ ಬುಕ್ ಮಾಡಲೇಬೇಕು, ಬೆಳಗಿನ ಮೊದಲ ಸ್ಲಾಟೇ ಹಿಡಿಯಿರಿ. ಅಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಸ್ಕ್ರಿಪ್ಟ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ.