ಮುಂಡರಗಿಗೆ ವರ್ಗ ಆಗಿದೆ, ಮಗಳ ಓದು ಹೇಗೆ ಅಂತ ಕೇಳಿದವರಿಗೆ

ಸರ್, ಮೈಸೂರಿನಿಂದ ಮುಂಡರಗಿಗೆ ವರ್ಗ ಆಗಿದೆ, ಮಗಳು ಜೂನಿಗೆ ಒಂಬತ್ತನೇ ಕ್ಲಾಸು, "ಅಲ್ಲಿ ಓದೋ ವಾತಾವರಣ ಇದೆಯಾ" ಅಂತ ಕೇಳಿದ್ದೀರಿ. ಈ ಮಾತು ಕೇಳಿದರೆ ನಮಗೆ ಮೊದಲು ಸ್ವಲ್ಪ ಸಿಟ್ಟು ಬರುತ್ತದೆ, ಆಮೇಲೆ ಪಾಪ, ಮಗಳ ಚಿಂತೆ ಅವರಿಗೆ ಅನ್ನಿಸುತ್ತದೆ. ಇದೆ ಸರ್. ಆದರೆ ಶಾಲೆಯ ಕಾಂಪೌಂಡಿನೊಳಗೆ ಮಾತ್ರ ಹುಡುಕಬೇಡಿ. ಅರ್ಧ ಬಸ್ ಸ್ಟ್ಯಾಂಡಿನಲ್ಲಿದೆ, ಇನ್ನರ್ಧ ಮಕ್ಕಳನ್ನು ಓದೋಕೆ ಎಬ್ಬಿಸಲು ಬೆಳಗಿನ ಜಾವ ಐದಕ್ಕೆ ಮಾಸ್ತರು ಕೊಡೋ ಮಿಸ್ಡ್ ಕಾಲ್‌ನಲ್ಲಿದೆ.

ಮೊದಲು ಊರಿನ ಜಾಗ ಹೇಳಿಬಿಡ್ತೇನೆ, ಯಾಕಂದ್ರೆ ಇಲ್ಲಿ ಓದಿನ ಲೆಕ್ಕ ಗೆರೆಗಳ ಮೇಲೆ ನಿಂತಿದೆ. ನಮ್ಮದು ಗದಗ ಜಿಲ್ಲೆಯ ಅಂಚು. ಪೂರ್ವಕ್ಕೆ ಸ್ವಲ್ಪ ಹೋದರೆ ಕೊಪ್ಪಳ ಜಿಲ್ಲೆ. ಕೊರ್ಲಹಳ್ಳಿ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕು. ಈಗ ಎಲ್ಲಾ ಕರ್ನಾಟಕವೇ, ಆದರೆ ನಮ್ಮ ಅಜ್ಜನ ಕಾಲದಲ್ಲಿ ನಾವು ಮುಂಬಯಿ ಸರ್ಕಾರದವರು, ಕೊಪ್ಪಳದವರು ನಿಜಾಮರ ಕಡೆಯವರು, ಹಡಗಲಿಯವರು ಮದ್ರಾಸಿನವರು. 1956ರಲ್ಲಿ ಎಲ್ಲ ಒಂದಾದೆವು. ಅಜ್ಜ ಮುಲ್ಕಿ ಪರೀಕ್ಷೆ ಕಟ್ಟಿದವರು, ಅಂದರೆ ಏಳನೇತ್ತ, ಏಳನೇ ಕ್ಲಾಸು. ಇವತ್ತಿಗೂ ಹಿರಿಯರು ನಿಮ್ಮ ಮಗಳನ್ನು "ಎಷ್ಟನೇತ್ತಾ ಓದ್ತೀಯವಾ ತಂಗೀ?" ಅಂತ ಕೇಳ್ತಾರೆ. ಅದು ಮರಾಠಿಯ ಇಯತ್ತೆ. ಮುಂಬಯಿ ಹೋಯಿತು, ಮಾತು ಉಳಿಯಿತು.

ಇದನ್ನು ಸುಮ್ನೆ ಇತಿಹಾಸ ಅಂತ ಹೇಳ್ತಿಲ್ಲ. ಆ ಹಳೇ ಗೆರೆ ಈಗಲೂ ಕಾಲೇಜ್ ಸೀಟಿನಲ್ಲಿ ಕಾಣುತ್ತದೆ. ಕೊಪ್ಪಳ, ವಿಜಯನಗರ ಜಿಲ್ಲೆಗಳು ಸಂವಿಧಾನದ 371(ಜೆ) ವಿಧಿಯ ಒಳಗೆ ಬರುತ್ತವೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಅಲ್ಲಿನವರಿಗೆ ನೂರಕ್ಕೆ 70 ಸೀಟು, ಹೊರಗಿನ ಕಾಲೇಜುಗಳಲ್ಲೂ 8. ನಾವು ಈ ಕಡೆ. ಮಳೆ ಅದೇ, ಹೊಲ ಅದೇ, ಮಾತು ಅದೇ, ಹೆಣ್ಣು ಕೊಟ್ಟು ತರೋದೂ ಅವರ ಜೊತೆಗೇ, ಆದರೆ ಸಿಇಟಿ ಕೌನ್ಸೆಲಿಂಗಿನ ದಿನ ಮಾವನ ಮಗ ಒಂದು ಪಟ್ಟಿ, ನಾನು ಇನ್ನೊಂದು ಪಟ್ಟಿ. ಹೊಟ್ಟೆಕಿಚ್ಚಲ್ಲ ಸರ್, ಅವರಿಗೆ ಬೇಕಾಗಿತ್ತು, ಸಿಕ್ಕಿತು. ಆದರೆ ನಮ್ಮೂರಿನ ಹುಡುಗ ಹತ್ತನೇ ಕ್ಲಾಸು ಮುಗಿಸೋ ಹೊತ್ತಿಗೇ ಇದನ್ನೆಲ್ಲ ಬಾಯಿಪಾಠ ಮಾಡಿರ್ತಾನೆ, ಅದು ನಿಮಗೆ ಗೊತ್ತಿರಲಿ ಅಂತ.

ಇನ್ನು ದಿನ ಹೇಗೆ ಶುರುವಾಗುತ್ತದೆ ಅಂತ. ಹಳ್ಳಿಗಳಿಂದ ಪೇಟೆಯ ಹೈಸ್ಕೂಲಿಗೆ ಬರೋ ಮಕ್ಕಳಿಗೆ ಬಸ್ಸೇ ಗಂಟೆ. ಒಂದು ಬಸ್ ತಪ್ಪಿದರೆ ಮೊದಲ ಎರಡು ಪಿರಿಯಡ್ ಹೋಯಿತು. 2006ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರದ ಸೈಕಲ್ ಬರ್ತಿತ್ತು, ಕೊರೋನಾ ಬಂದಮೇಲೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಆಧಾರ್ ಕಾರ್ಡೇ ಟಿಕೆಟ್ಟು. ನಮ್ಮ ಓಣಿಯಲ್ಲೇ ನೋಡಿದ್ದೇನೆ, "ಬಸ್ ಪಾಸಿಗೆ ರೊಕ್ಕ ಎಲ್ಲಿಂದ ತರಲಿ" ಅಂತ ಮಗಳನ್ನು ಹತ್ತಕ್ಕೇ ನಿಲ್ಲಿಸೋ ಅಪ್ಪಂದಿರ ಬಾಯಿ ಬಂದಾಯಿತು. ಆದರೆ ಬಸ್ಸುಗಳು ಅಷ್ಟೇ ಇವೆ. ಫುಟ್‌ಬೋರ್ಡಿನಲ್ಲಿ ಗಂಡುಹುಡುಗರು, ಒಳಗೆ ಉಸಿರಾಡೋಕೂ ಜಾಗ ಇಲ್ಲ, ಅದರಲ್ಲೇ ಒಬ್ಬಳು ನೋಟ್ಸ್ ಬಿಚ್ಚಿ ಥೇಲ್ಸ್‌ನ ಪ್ರಮೇಯ ಓದ್ತಿರ್ತಾಳೆ.

ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೂ ಇದೆ. ನಿಮ್ಮ ಮಗಳು ಡಬ್ಬಿ ತಂದರೂ ಮೂರನೇ ದಿನಕ್ಕೆ ಡಬ್ಬಿ ಮುಚ್ಚಿಟ್ಟು ಗೆಳತಿಯರ ಸಾಲಿನಲ್ಲಿ ಕೂತಿರ್ತಾಳೆ, ನೋಡ್ತಿರಿ.

ಮಾತಿನ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ "ಲೇ" ಅಂದರೆ ಬೈಗುಳ ಅಲ್ಲ. "ಯಾಕಲೇ, ನಿನ್ನೆ ಯಾಕ ಬರಲಿಲ್ಲ?" ಅಂತ ಬೆಂಚಿನವಳು ಕೇಳಿದರೆ ಅಳಬೇಡ ಅಂತ ಮೊದಲೇ ಹೇಳಿಡಿ, ಅದು ಪ್ರೀತಿ. ಸರ್‌ಗೆ "ಸರ್ರೀ", ಟೀಚರಿಗೆ "ಟೀಚರ್ರೀ". ಆ "ರೀ" ಬಿಟ್ಟರೆ ಸೊಕ್ಕಿನ ಹುಡುಗಿ ಅಂತ ಹೆಸರು ಬರುತ್ತೆ. ಮೈಸೂರಿನ ಮಾತಿಗೆ ಮೊದಲ ತಿಂಗಳು ಎಲ್ಲರೂ ನಗ್ತಾರೆ, ಆಮೇಲೆ ಭಾಷಣ ಸ್ಪರ್ಧೆಗೆ ಅವಳನ್ನೇ ಮುಂದೆ ತಳ್ತಾರೆ.

ಹಾಜರಾತಿ ಬಗ್ಗೆ ಕೇಳಿದ್ದೀರಿ. ಕ್ಲಾಸು ಖಾಲಿ ಕಂಡರೆ ಮಾಸ್ತರನ್ನು ಬೈಯೋ ಮೊದಲು ಹೊಲ ನೋಡಿ. ಆಗಸ್ಟ್ ಕೊನೆಗೆ ಹೆಸರುಕಾಳಿನ ಕಾಯಿ ಬಿಡಿಸೋ ಕೆಲಸ, ಮಳೆ ಬಂದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತೆ, ಅದಕ್ಕೆ ಮನೆಯಲ್ಲಿ ಇರೋ ಕೈಗಳೆಲ್ಲ ಹೊಲದಲ್ಲೇ. ಜನವರಿ ದಾಟಿದರೆ ಕಡಲೆ, ಮೆಣಸಿನಕಾಯಿ. ಹಾವೇರಿ ಕಡೆಯೂ ಇದೇ ಕಥೆ, ಬ್ಯಾಡಗಿ ಪೇಟೆಗೆ ಸೋಮವಾರ, ಗುರುವಾರ ಮೆಣಸಿನಕಾಯಿ ಹೊರಟಿತು ಅಂದರೆ ಅದರ ಹಿಂದೆ ಮಕ್ಕಳ ಕೈಯೂ ಇರುತ್ತದೆ. ತಾಂಡಾದ ಕೆಲವು ಮನೆಗಳವರು ಗೋವಾ ಕಡೆ ಗುಳೆ ಹೋಗ್ತಾರೆ, ಮಕ್ಕಳು ಅಜ್ಜಿ ಜೊತೆ ಉಳಿದರೆ ಓದು, ಇಲ್ಲದಿದ್ದರೆ ಇಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಮಾರ್ಚಿಗೆ ಸರಿಯಾಗಿ ಈ ಕೆಲಸಗಳ ಬಾಲಕ್ಕೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕೂತು ಟೈಮ್‌ಟೇಬಲ್ ಮಾಡುವವರಿಗೆ ಕಡಲೆ ಯಾವಾಗ ಕೀಳ್ತಾರೆ ಅಂತ ಯಾರು ಹೇಳಬೇಕು?

ಎಸ್ಸೆಸ್ಸೆಲ್ಸಿ ಅಂದರೆ 625 ಅಂಕ, ಅದು ನಿಮಗೆ ಗೊತ್ತು. ಡಿಸೆಂಬರ್ ಬಂತು ಅಂದರೆ ಶಾಲೆಯಲ್ಲಿ ಮಕ್ಕಳನ್ನು ಎರಡು ಗುಂಪು ಮಾಡ್ತಾರೆ. ಒಂದು ಗುಂಪು ಆರುನೂರು ದಾಟಬೇಕಾದವರು. ಇನ್ನೊಂದಕ್ಕೆ "ಪಾಸಿಂಗ್ ಪ್ಯಾಕೇಜ್". ಹೆಸರು ಕೇಳಿ ನಗಬೇಡಿ, ಎಷ್ಟೋ ಮನೆಗಳನ್ನು ಅದು ಉಳಿಸಿದೆ. ಭಾರತದ ನಕಾಶೆ, ಹೃದಯದ ಚಿತ್ರ, ಒಂದು ಪ್ರಮೇಯ, ಗ್ರಾಫ್ ಲೆಕ್ಕ, ಬಾಯಿಪಾಠದ ಪದ್ಯ, ಪತ್ರ ಬರೆಯೋದು. ಇಷ್ಟನ್ನೇ ನೂರು ಸಲ ಬರೆಸ್ತಾರೆ. ಇಪ್ಪತ್ತು ಇಂಟರ್ನಲ್ ಅಂಕ ಕೈಯಲ್ಲಿದ್ದರೆ ದಡ ಸೇರಬಹುದು.

ನಾನು ಓದೋವಾಗ ಒಂದು ಪರೀಕ್ಷಾ ಕೇಂದ್ರದಲ್ಲಿ, ಹೆಸರು ಬೇಡ, ಕಿಟಕಿಯಿಂದ ಚೀಟಿ ಬರ್ತಿತ್ತು. ಓದಿದವನಿಗೂ ಓದದವನಿಗೂ ಒಂದೇ ಮಾರ್ಕ್ಸ್ ಬಂದಾಗ ಆದ ಸಂಕಟ ಇನ್ನೂ ನೆನಪಿದೆ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಹಿಂದಿನ ವರ್ಷ ರಾಜ್ಯದ ಫಲಿತಾಂಶ ನೂರಕ್ಕೆ 83.89 ಇದ್ದದ್ದು ಆ ವರ್ಷ 73.40ಕ್ಕೆ ಬಂತು, ಅದೂ ಕೃಪಾಂಕವನ್ನು 20 ಪರ್ಸೆಂಟಿಗೆ ಏರಿಸಿದ ಮೇಲೆ. ಎಲ್ಲರೂ ಮಕ್ಕಳನ್ನು ಬೈದರು. ನನಗನ್ನಿಸಿದ್ದು, ಮೊದಲ ಸಲ ನಿಜವಾದ ಅಂಕಿ ನೋಡಿದೆವು. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರೋದರಿಂದ ಫೇಲಾದವರು ವರ್ಷ ಕಳೆದುಕೊಳ್ಳೋದು ಕಮ್ಮಿಯಾಗಿದೆ.

ಸಾಧನೆ ಅಂದ್ರಲ್ಲ. ಎಂಟನೇ ಕ್ಲಾಸಿನಲ್ಲಿ ಬರೆಯೋ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆಗೆ ಇಲ್ಲಿ ಇರೋ ಮರ್ಯಾದೆ ಎಸ್ಸೆಸ್ಸೆಲ್ಸಿಗೂ ಇಲ್ಲ ಅಂದರೆ ನಂಬ್ತೀರಾ? ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ಮಗುವಿನ ಖಾತೆಗೇ. ಅದೇ ದುಡ್ಡಿನಲ್ಲಿ ಪಿಯುಸಿ ಓದಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮಗಳಿಗೆ ಆ ವಯಸ್ಸು ದಾಟಿತು, ಮನೆಯ ವರಮಾನ ಮೂರೂವರೆ ಲಕ್ಷದ ಒಳಗೆ ಇರಬೇಕು ಅಂತಲೂ ಇದೆ, ಹಾಗಾಗಿ ಬಿಡಿ. ಅವಳಿಗೆ ಇನ್ಸ್‌ಪೈರ್ ಅವಾರ್ಡ್ ಇದೆ, ಒಳ್ಳೇ ಐಡಿಯಾ ಬರೆದು ಕಳಿಸಿದರೆ ಮಾಡೆಲ್ ಮಾಡೋಕೆ 10,000 ಕೊಡ್ತಾರೆ. ಪ್ರತಿಭಾ ಕಾರಂಜಿ ಇದೆ. ಆಟ ಅಂದರೆ ಕಬಡ್ಡಿ, ಖೋಖೋ ಎಲ್ಲಾ ಕಡೆ, ಗದಗಿನಲ್ಲಿ ಸೈಕ್ಲಿಂಗ್, ಲಕ್ಷ್ಮೇಶ್ವರದ ಕಡೆ ಮಲ್ಲಕಂಬ.

ಕ್ರಿಕೆಟಿಗ ಸುನೀಲ ಜೋಶಿ ನಮ್ಮ ಗದಗಿನವರು. ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದು ಅರವತ್ತು ಕಿಲೋಮೀಟರ್ ಹತ್ತಿರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಗದಗಿಗೆ ಬರ್ತಿದ್ದರಂತೆ. ಇನ್ನೊಬ್ಬ ಜೋಶಿ, ಭೀಮಸೇನ ಜೋಶಿ, 1933ರಲ್ಲಿ ಹನ್ನೊಂದು ವರ್ಷದ ಹುಡುಗ, ಗುರು ಬೇಕು ಅಂತ ಗದಗಿನ ಮನೆ ಬಿಟ್ಟು ರೈಲು ಹತ್ತಿಯೇಬಿಟ್ಟರು. ಇಬ್ಬರ ಕಥೆಯನ್ನೂ ಮಾಸ್ತರು ವರ್ಷಕ್ಕೆರಡು ಸಲ ಹೇಳ್ತಾರೆ. ಎರಡನೆಯದನ್ನು ಹೇಳಿದ ಮೇಲೆ ಮಾತ್ರ "ನೀವು ಹಂಗ ಮಾಡಬ್ಯಾಡ್ರಿ ಮತ್ತ" ಅಂತ ಸೇರಿಸ್ತಾರೆ.

ಈಗ ನಿಜವಾದ ವಿಷಯಕ್ಕೆ ಬರ್ತೇನೆ. ಹತ್ತನೇ ಕ್ಲಾಸು ದೊಡ್ಡ ಗುಡ್ಡ ಅಲ್ಲ. ಗುಡ್ಡ ಇರೋದು ಅದರ ಆಚೆ.

ನಾನು ಕನ್ನಡ ಮೀಡಿಯಂ. ಶಾಲೆಗೇ ಮೊದಲು ಬಂದೆ, ಊರಲ್ಲಿ ಶಾಲು ಹೊದಿಸಿದರು, ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ಸೈನ್ಸ್ ಸೇರಿದೆ. ಮೊದಲ ದಿನ ಫಿಸಿಕ್ಸ್ ಸರ್ ಬಂದು ಆಕ್ಸಲರೇಶನ್ ಅಂದರು. ಮೊಮೆಂಟಮ್ ಅಂದರು. ಇನರ್ಶಿಯಾ ಅಂದರು. ನನಗೆ ವೇಗೋತ್ಕರ್ಷ ಗೊತ್ತಿತ್ತು, ಸಂವೇಗ ಗೊತ್ತಿತ್ತು, ಜಡತ್ವದ ಮೇಲೆ ಉದಾಹರಣೆ ಕೊಟ್ಟು ಎರಡು ಪುಟ ಬರೆಯಬಲ್ಲೆ. ಆದರೆ ಇವೇ ಅವು ಅಂತ ಗೊತ್ತಾಗೋಕೆ ದೀಪಾವಳಿ ಬಂತು. ಅಷ್ಟರಲ್ಲಿ ಮೊದಲ ಟೆಸ್ಟ್ ಫೇಲ್. ಒಬ್ಬ ಲೆಕ್ಚರರ್ ಎಲ್ಲರ ಮುಂದೆ "ಹಳ್ಳಿಯಿಂದ ಬಂದು ಸೈನ್ಸ್ ಯಾಕೆ ತಗೋತೀರಿ" ಅಂದರು. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಟ್ರಂಕ್ ಕಟ್ಟಿದ್ದೆ ಸರ್. ರೂಮಿನವನು, ಅವನೂ ಹಾವೇರಿ ಕಡೆಯ ಕನ್ನಡ ಮೀಡಿಯಂನವನು, ಒಂದು ನೋಟ್‌ಬುಕ್ ತೋರಿಸಿದ. ನಡುವೆ ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ದ್ಯುತಿಸಂಶ್ಲೇಷಣೆ, ಫೋಟೊಸಿಂಥೆಸಿಸ್. ಧಾತು, ಎಲಿಮೆಂಟ್. ವಕ್ರೀಭವನ, ರಿಫ್ರಾಕ್ಷನ್. ಇಬ್ಬರೂ ಸೇರಿ ಅದನ್ನು ಇನ್ನೂರು ಪುಟ ಮಾಡಿದೆವು. ಎರಡನೇ ವರ್ಷಕ್ಕೆ ಪಾಠ ಅರ್ಥವಾಗೋಕೆ ಶುರುವಾಯಿತು, ಮತ್ತೆ ನೋಡಿದರೆ ಇಂಗ್ಲಿಷ್ ಮೀಡಿಯಂ ಹುಡುಗರು ಬರೀ ಹೆಸರು ಗೊತ್ತಿದ್ದು ಒಳಗಿನ ವಿಷಯ ನಮ್ಮನ್ನು ಕೇಳ್ತಿದ್ದರು.

ಆ ನೋಟ್‌ಬುಕ್ ಈಗ ನಮ್ಮ ಅಣ್ಣನ ಮಗಳ ಹತ್ತಿರ ಇದೆ. ಅವಳು ಈ ಜೂನಿಗೆ ಹತ್ತು. ರಟ್ಟು ಹೋಗಿದೆ, ಅವಳು ಹೊಸ ಹಾಳೆ ಸೇರಿಸಿ ಹೊಲಿಸಿದ್ದಾಳೆ. ಈಗ ಸಿಇಟಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತೆ, ನೀಟ್ ಕೂಡ ಕನ್ನಡದಲ್ಲಿ ಬರೆಯಬಹುದು. ಆದರೆ ಪಾಠ ಇಂಗ್ಲಿಷಿನಲ್ಲೇ. ಎರಡು ವರ್ಷ ಒಂದು ಭಾಷೆಯಲ್ಲಿ ಕೇಳಿ ಪರೀಕ್ಷೆ ದಿನ ಇನ್ನೊಂದರಲ್ಲಿ ಬರಿ ಅಂದರೆ ಯಾರು ಬರೀತಾರೆ?

ನಿಮ್ಮ ಮಗಳು ಇಂಗ್ಲಿಷ್ ಮೀಡಿಯಂ ಅಂದಿರಿ. ಹಾಗಾದರೆ ಅವಳಿಗೆ ಈ ಗುಡ್ಡ ಇಲ್ಲ. ಆ ನೋಟ್‌ಬುಕ್ಕಿನ ಬಲಗಡೆ ತುಂಬೋಕೆ ನಿಮ್ಮ ಮಗಳು ನಮ್ಮ ಅಣ್ಣನ ಮಗಳಿಗೆ ಸಹಾಯ ಮಾಡಬಹುದು, ಎಡಗಡೆ ಇವಳು ಅವಳಿಗೆ.

ಪಿಯುಸಿಗೆ ಎಲ್ಲಿ ಅಂತ ಈಗಲೇ ಕೇಳಿದ್ದೀರಿ. ನಮ್ಮ ಕಡೆ ಇದಕ್ಕೆ "ಧಾರವಾಡಕ್ಕ ಹಾಕೋದು" ಅಂತ ಹೇಳ್ತಾರೆ. ಮುಂಡರಗಿ, ಗದಗಿನಲ್ಲೂ ಕಾಲೇಜುಗಳಿವೆ, ಆದರೆ ಧಾರವಾಡ ಅಂದರೆ ಮನಸ್ಸಿನಲ್ಲಿ ಬೇರೆ. 1917ರ ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಕೃಷಿ ವಿವಿ, 2016ರಿಂದ ಐಐಟಿ, ಆ ಕಡೆ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು, ನಡುವೆ ಓಡಾಡೋಕೆ ಚಿಗರಿ ಬಸ್ಸು. ಸಪ್ತಾಪುರಕ್ಕೆ ಹೋದರೆ ಪಿಎಸ್‌ಐ, ಎಫ್‌ಡಿಎ, ಕೆಎಎಸ್‌ಗೆ ಓದೋ ಮೂವತ್ತು ವರ್ಷದವರೂ ಚೀಲ ಹಾಕಿಕೊಂಡು ಲೈಬ್ರರಿ ಮುಂದೆ ನಿಂತಿರ್ತಾರೆ. ಹದಿನಾರರ ಮಗುವಿಗೆ ಅದನ್ನು ನೋಡಿ ಹುರುಪೂ ಬರುತ್ತೆ, ಸ್ವಲ್ಪ ಭಯವೂ ಆಗುತ್ತೆ. ಖರ್ಚಿನ ಮಾತು ಬಂದರೆ ಬಡವರ ಮಕ್ಕಳಿಗೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್, ಮಠಗಳ ಪ್ರಸಾದ ನಿಲಯ. ಧಾರವಾಡದ ಮುರುಘಾಮಠದಲ್ಲಿ ಊಟ ಮಾಡಿ ಓದಿದವರು ಈ ಜಿಲ್ಲೆಗಳ ಯಾವ ಕಚೇರಿಗೆ ಹೋದರೂ ಒಬ್ಬರಾದರೂ ಸಿಗ್ತಾರೆ. ಸೈನ್ಸ್ ಬೇಡ ಅಂದರೆ ಡಿಪ್ಲೊಮಾ ಇದೆ, ಮೂರು ವರ್ಷ ಮುಗಿಸಿ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಬುದ್ಧಿವಂತ ಹುಡುಗರು ಇದನ್ನೇ ಮಾಡ್ತಾರೆ, ಯಾಕೋ ಜನ ಅದನ್ನು ಕಮ್ಮಿ ಅಂತ ನೋಡ್ತಾರೆ.

ಒಂದು ಕಾಗದದ ಮಾತು. ಇಲ್ಲಿಗೆ ಬಂದ ತಕ್ಷಣ ಯಾರಾದರೂ "ಮುಂಡರಗಿ ಹಳ್ಳಿ ಕಡೆ ಸರ್, ಗ್ರಾಮೀಣ ಕೋಟಾ ಸಿಗುತ್ತೆ, ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ" ಅಂತ ಬರ್ತಾರೆ. ಕೇಳಬೇಡಿ. ಸಿಇಟಿಯಲ್ಲಿ ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತು, ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ್ದೂ ಹಾಗೇ, ಹತ್ತು ವರ್ಷ. ನಿಮ್ಮ ಮಗಳಿಗೆ ಎರಡೂ ಬರೋದಿಲ್ಲ. ನಮ್ಮ ಮಕ್ಕಳಿಗೆ ಬರುತ್ತೆ, ಆದರೆ ಅದಕ್ಕೆ ಹತ್ತು ವರ್ಷದ ಲೆಕ್ಕ ತೋರಿಸಿ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಓ ಅವರ ಮೇಲುಸಹಿ ಹಾಕಿಸಬೇಕು, ಆ ಸಹಿಗೆ ಅಪ್ಪ ಎರಡು ದಿನದ ಕೂಲಿ ಬಿಟ್ಟು ಓಡಾಡ್ತಾನೆ.

ನೀವು ಮೇ ಕೊನೆ ವಾರಕ್ಕೆ ಬನ್ನಿ, ಶಾಲೆ ಆಗಲೇ ತೆರೆಯುತ್ತೆ. ಬರುವಾಗ ಟಿಸಿ ಜೊತೆ ಅವಳ ಸ್ಯಾಟ್ಸ್ ನಂಬರ್, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿರೋ ವಿದ್ಯಾರ್ಥಿ ನಂಬರ್, ಬರೆಸಿಕೊಂಡು ಬನ್ನಿ, ಅದಿಲ್ಲದೆ ಇಲ್ಲಿ ಹೆಸರು ಏರಿಸೋದಿಲ್ಲ. ಸೈಕಲ್ ಇದ್ದರೆ ಲಾರಿಯಲ್ಲಿ ಹಾಕಿ. ಮನೆ ಸಿಗೋವರೆಗೆ ನಮ್ಮ ಅಣ್ಣನ ಮನೆಯ ಮಾಳಿಗೆ ಖಾಲಿ ಇದೆ, ಅವನ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ. "ಇಂಗ್ಲಿಷ್ ಮೀಡಿಯಂ ಏನ್ ಕಾಕಾ ಅಕಿ?" ಅಂತ ಕೇಳಿದಳು. ಹೌದು ಅಂದೆ. "ಹಂಗಾರ ಬರಲಿ ತಗೋ, ಕೆಲಸ ಐತಿ ಅಕಿಗೆ" ಅಂದಳು.